ಅವ್ವನ ಉಡಿಕಿಗೆ ತಂದ ಹೂವು

ನಮ್ಮವ್ವನ ಮದುವೆಗೆ ಹೂವು ಆರಿಸಲು ಹೋದವರು ಮೂರು ಮಂದಿ: ಅವ್ವ, ನಾನು, ಮತ್ತು ತೀರಿಹೋದ ನಮ್ಮಪ್ಪನ ತಾಯಿ. ಇದನ್ನು ಯಾರ ಮುಂದೆ ಹೇಳಿದರೂ ಮೊದಲು ನಗುತ್ತಾರೆ. ಅವರ ತಪ್ಪಲ್ಲ. ಯಾರೋ ಸತ್ತ ಖಬರ ಹೇಳಿದರೂ ಜನ, ಮುಂದೆ ಏನೋ ಚೇಷ್ಟೆ ಇದ್ದೀತು ಎಂದು ನನ್ನ ಮುಖ ನೋಡುತ್ತ ಕಾಯುತ್ತಾರೆ. ಮುಖವೇ ಹಾಗಿದೆ, ಬಾಯಿ ಅದಕ್ಕಿಂತ ಕಡೆ. ಗದಗ-ಬೆಟಗೇರಿಯ ಓಣಿಗಳಲ್ಲಿ ಆಟೋದ ಮೇಲೆ ಸ್ಪೀಕರ್ ಕಟ್ಟಿಕೊಂಡು ಸೀರೆ ಅಂಗಡಿಯ ರಿಯಾಯಿತಿಯನ್ನೋ ಹಲ್ಲಿನ ದವಾಖಾನೆಯ ಉಚಿತ ತಪಾಸಣೆಯನ್ನೋ ಕೂಗುತ್ತ ಹೋಗುತ್ತಾರಲ್ಲ, ಅದರೊಳಗಿನ ಗಂಡಸಿನ ಧ್ವನಿ ನನ್ನದು. ಹೆಂಗಸಿನ ಧ್ವನಿ ಬೇಕೆಂದರೆ ಅದೂ ನನ್ನದೇ. ಅಂಗಡಿಯವರು ಇಬ್ಬರ ಸಂಬಳ ಉಳಿಸಿದೆವೆಂದು ಖುಷಿಪಡುತ್ತಾರೆ, ನಾನು ಇಬ್ಬರಾದೆನೆಂದು.

ಆಯಿ, ಅಂದರೆ ನಮ್ಮಪ್ಪನ ತಾಯಿ, ಈ ವಿಷಯ ಎತ್ತಿದ್ದು ಒಂದು ಸಂಜೆ. ಅವ್ವ ಹೊರಗಿನ ಕಟ್ಟೆಯ ಮೇಲೆ ಕೂತು ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಹೋದ. ಅಂದಿನಿಂದ ಆ ರಾಟೆ ನಿಂತದ್ದನ್ನು ನಾನು ಹೆಚ್ಚು ಕೇಳಿಲ್ಲ. ಆಯಿ ನನ್ನನ್ನು ಒಳಗೆ ಕರೆದು, ಹಿರೇವಡ್ಡಟ್ಟಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ಒಬ್ಬ ಮನುಷ್ಯನಿದ್ದಾನೆ, ಹೆಂಡತಿ ತೀರಿದ್ದಾಳೆ, ಮಕ್ಕಳಿಲ್ಲ, ಅವ್ವನನ್ನು ಅಲ್ಲಿಗೆ ಕೊಡಬೇಕು ಎಂದಳು.

"ಕೊಡಾಕ ಆಕಿ ಏನ್ ಆಕಳ ಏನ?" ಎಂದೆ.

"ಆಕಳಾಗಿದ್ರ ಮಾರತಿದ್ದೆ. ಸೊಸಿ ಅದಾಳ, ಅದಕ್ಕ ಕೊಡತೀನಿ. ಲೇ ಮಂಗ್ಯಾ, ನಿಮ್ಮಜ್ಜ ಸತ್ತಾಗ ನನಗ ಯಾರೂ ಕೇಳಲಿಲ್ಲ. ಕೇಳಿದ್ರ ನಾನೂ ಹೋಗತಿದ್ದೆ."

"ನೀ ಹೋಗಿದ್ರ ನಾ ಎಲ್ಲಿರತಿದ್ದೆ?"

"ಮತ್ತೊಬ್ಬರ ಮನ್ಯಾಗ ಇದ ಮಂಗ್ಯಾನಾಟ ಮಾಡತಿದ್ದಿ. ನಾಳೆ ನಿನಗ ಹೇಂತಿ ಬರತಾಳ. ನಿಮ್ಮವ್ವ ಆಗ ಮೂಲ್ಯಾಗ ಕುಂದರತಾಳ. ಆ ಮೂಲಿ ಹೆಂಗಿರತೈತಿ ಅಂತ ನನಗ ಗೊತ್ತೈತಿ, ಆಕಿಗೆ ಗೊತ್ತಾಗೂದ ಬ್ಯಾಡ."

ನಾನು ಹೊರಗೆ ಹೋಗಿ ಅವ್ವನ ಪಕ್ಕ ಕೂತು ಕಂಡಿಕೆ ಎತ್ತಿಕೊಡತೊಡಗಿದೆ.

ಗಿರಣಿಯವನು ಒಂದು ರವಿವಾರ ಬಂದ. ಬಿಳಿ ಅಂಗಿ, ಬಿಳಿ ಧೋತರ, ಹುಬ್ಬಿನಲ್ಲಿ ತೊಳೆದರೂ ಹೋಗದ ಒಂದಿಷ್ಟು ಹಿಟ್ಟು. ಜನ್ಮವಿಡೀ ಗಿರಣಿಯ ಸದ್ದಿನ ಮೇಲೆ ಮಾತಾಡಿದ ಮನುಷ್ಯ. ಸದ್ದಿಲ್ಲದ ಕಡೆಯೂ ಒದರುವುದೇ ಅವನ ಮಾತು. ಅವ್ವ ಚಹಾ ಕೊಟ್ಟಾಗ "ಚಾ ಚೊಲೋ ಆಗೈತ್ರೀ!" ಎಂದ. ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. "ಮಗಾ ಏನ್ ಓದೈತ್ರೀ!" ಎಂದ. ನಾಯಿ ಬೊಗಳಿತು. ಅವನು ಹೋದಮೇಲೆ ನಾನು ಬಿಟ್ಟೇನೆಯೇ? ಹೆಗಲ ಮೇಲೆ ಟವೆಲ್ ಹಾಕಿ, ಹುಬ್ಬಿಗೆ ಜೋಳದ ಹಿಟ್ಟು ಬಳಿದುಕೊಂಡು, ಅದೇ ಗಂಟಲಿನಲ್ಲಿ "ಅತ್ತೀ! ನಿಮ್ಮ ಸೊಸೀನ ಎಷ್ಟ ಸಣ್ಣಗ ಬೀಸ್ಲ್ರೀ!" ಎಂದು ಒದರಿದೆ. ಆಯಿ ನಕ್ಕು ನಕ್ಕು ಗೋಡೆ ಹಿಡಿದಳು. ಅವ್ವನೂ ನಕ್ಕಳು. ನಗು ಅರ್ಧಕ್ಕೆ ಬಂದಾಗ ನಿಲ್ಲಿಸಿದಳು.

"ಸಾಕು," ಎಂದಳು. "ಪಾಪ, ಒಳ್ಳೆ ಮನಶ್ಯಾ ಅದಾನ."

ಇಡೀ ಓಣಿಯನ್ನು ನಾನು ಅಣಕಿಸಿದ್ದೇನೆ. ಯಾರ ಪರವಾಗಿಯೂ ಅವ್ವ ಸಾಕು ಎಂದವಳಲ್ಲ. ಅವಳು ಹೋಗುತ್ತಾಳೆ ಎಂದು ನನಗೆ ಗೊತ್ತಾದದ್ದು ಆ ಒಂದು ಶಬ್ದದಿಂದ. ಹುಬ್ಬಿನ ಹಿಟ್ಟು ಒರೆಸಿಕೊಳ್ಳಲು ಹಿತ್ತಲಿಗೆ ಹೋದೆ. ನೀರು ಹಾಕಿದರೆ ಹಿಟ್ಟು ಕಣ್ಣಿಗಿಳಿಯುತ್ತದೆ, ಕಣ್ಣು ಕೆಂಪಾಗುತ್ತದೆ. ಕೇಳಿದವರಿಗೆ ಹಾಗೇ ಹೇಳಿದೆ.

ನಮ್ಮ ಮಂದಿಯಲ್ಲಿ ಗಂಡ ಸತ್ತವಳು ಇನ್ನೊಬ್ಬನ ಕೈ ಹಿಡಿದರೆ ಅದಕ್ಕೆ ಮದುವೆ ಎನ್ನುವುದಿಲ್ಲ, ಉಡಿಕಿ ಎನ್ನುತ್ತಾರೆ. ಗಂಡಿನ ಮನೆಯವರು ತಂದ ಸೀರೆ ಉಡಿಸಿ, ತಾಳಿ ಕಟ್ಟಿಸಿ, ಬಂದವರಿಗೆ ಊಟ ಹಾಕಿದರೆ ಆಯಿತು. ಹಂದರವಿಲ್ಲ, ಬಾಜಾ ಇಲ್ಲ, ಅಕ್ಕಿಕಾಳು ಬೀಳುವುದಿಲ್ಲ. ಮುಖ್ಯವಾಗಿ ದಂಡಿ ಇಲ್ಲ. ದಂಡಿ ಎಂದರೆ ಮದುಮಗಳ ತಲೆಗೆ ಹಣೆಯಿಂದ ಸುತ್ತಿ ಕಟ್ಟುವ ಹೂವಿನ ಪಟ್ಟಿ. ಅದು ಹೆಣ್ಣಿಗೆ ಜನ್ಮದಲ್ಲಿ ಒಂದೇ ಸಲ ಎಂದು ಲೆಕ್ಕ. ಗಂಡಸಿಗೆ ಎಷ್ಟು ಸಲ ಎಂದು ಯಾರೂ ಲೆಕ್ಕ ಇಟ್ಟಂತಿಲ್ಲ.

ನನ್ನದು ಒಂದೇ ಹಟ. ಅವ್ವ ದಂಡಿ ಕಟ್ಟಿಕೊಂಡೇ ಹೋಗಬೇಕು. ಹೋಗಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹೋಗುವುದೇ ಖರೆಯಾದರೆ ಏನೋ ಕದ್ದುಕೊಂಡು ಹಿತ್ತಲ ಬಾಗಿಲಿನಿಂದ ಹೋದಂತೆ ಹೋಗುವುದು ಬೇಡ. ಅವ್ವ ಒಲ್ಲೆ ಎಂದಳು. "ಮಂದಿ ಏನಂತಾರ? ಎರಡು ಮಾರು ಕಾಕಡಾ ಹೂ ತಂದ್ರ ಸಾಕು, ಹೆರಳಿಗೆ ಆಕೈತಿ." ಆಯಿ ಮಾತ್ರ ನನ್ನ ಕಡೆ. "ನಡೀರಿ, ಬಜಾರಕ್ಕ ಹೋಗಿ ನೋಡೂಣು. ನೋಡಿದ್ರ ಯಾರೇನ ಅಂತಾರ?" ಎಂದು ಚಪ್ಪಲಿ ಹಾಕಿಕೊಂಡಳು.

ಗದಗದ ಹೂವಿನ ಬಜಾರದಲ್ಲಿ ಆಯಿಗೆ ಗೊತ್ತಿದ್ದ ಚಾಚಾ ಒಬ್ಬನಿದ್ದ. ಗೊತ್ತು ಎಂದರೆ ಹಬ್ಬಕ್ಕೆ ಹೂ ಕೊಳ್ಳುವಷ್ಟು. ನಮ್ಮ ಮನೆಯ ಸಂಗತಿ ಅವನಿಗೆ ತಿಳಿಯದು. ಒದ್ದೆ ಗೋಣಿಯ ಮೇಲೆ ಸೇವಂತಿಗೆ, ಚೆಂಡುಹೂವು, ಗುಲಾಬಿ ಗುಡ್ಡೆ ಹಾಕಿಕೊಂಡು, ಕಾಲಿನ ಹೆಬ್ಬೆರಳಿಗೆ ದಾರ ಸಿಗಿಸಿ ಹಾರ ಕಟ್ಟುತ್ತ ಕೂತಿದ್ದ.

"ಬರ್ರಿ ಅಮ್ಮಾರ, ಕುಂಡ್ರಿ. ಏನ್ ಕಾರ್ಯ?"

"ಮದಿವಿ," ಎಂದಳು ಆಯಿ. ಉಡಿಕಿ ಎನ್ನಲಿಲ್ಲ.

ಚಾಚಾ ನಮ್ಮ ಮೂವರನ್ನೂ ನೋಡಿದ. ಒಬ್ಬ ಮುದುಕಿ, ಒಬ್ಬ ನಡುವಯಸ್ಸಿನ ಹೆಂಗಸು, ಒಬ್ಬ ಹುಡುಗ. ಲೆಕ್ಕ ಸರಳವಿತ್ತು. "ಮಾಷಾಲ್ಲಾ! ಮದಿಮಗಾ ಇವನ ಏನು? ಮೀಸಿ ಈಗ ಬರಾಕತ್ತಾವು, ಆಗ್ಲೇ ಗಡಬಡಿ ಏನಪಾ ನಿಂದು?"

ಅವ್ವನ ಮುಖ ಸೆರಗಿನೊಳಗೆ ಹೋಯಿತು. ಇನ್ನೊಂದು ಗಳಿಗೆ ಬಿಟ್ಟರೆ ಅವಳು ಎದ್ದು ಆಟೋ ಹತ್ತುತ್ತಿದ್ದಳು. ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು.

"ಏನ್ ಮಾಡೂದ್ರಿ ಚಾಚಾ, ಹುಡುಗಿ ಮನಿಯವರು ಬಿಡವಲ್ರು. ಇಂಥಾ ಮಾಲು ಕೈ ತಪ್ಪಿದ್ರ ಮತ್ತ ಸಿಗಂಗಿಲ್ಲ ಅಂತಾರ."

"ಕಣ್ಣಿನ ತಪಾಸಣಿ ಮಾಡಿಸ್ಯಾರೇನು ಅವರು?"

"ಮಾಡಿಸ್ಯಾರ್ರಿ. ಆಮ್ಯಾಲೇ ಹೂಂ ಅಂದಾರ."

ಆಯಿ ನನ್ನ ತೊಡೆ ಚಿವುಟಿದಳು, ಆದರೆ ಅಲ್ಲವೆನ್ನಲಿಲ್ಲ. ಸೆರಗಿನೊಳಗೆ ಅವ್ವನ ಭುಜ ಅಲುಗುತ್ತಿತ್ತು. ನಗುತ್ತಿದ್ದಳು ಎಂದುಕೊಂಡೆ. ಸೆರಗು ಸರಿಸಿದಾಗ ನಗುತ್ತಲೇ ಇದ್ದಳು, ಕಣ್ಣು ಮಾತ್ರ ಒದ್ದೆಯಾಗಿತ್ತು.

"ಹೆಂಗದಾಳ ಸೊಸಿ?" ಚಾಚಾ ಅವ್ವನನ್ನೇ ಕೇಳಿದ. "ಎತ್ತರ ಏನು? ಕೂದಲು ದಪ್ಪ ಅದಾವೇನು? ದಂಡಿಗೆ ತಲಿ ಅಳತಿ ಬೇಕ್ರಿ."

"ಇವರಷ್ಟ ಅದಾಳ ನೋಡ್ರಿ," ಎಂದು ನಾನು ಅವ್ವನ ಕಡೆ ಕೈ ಮಾಡಿದೆ. "ಎತ್ತರ, ಬಣ್ಣ, ತಲಿ, ಎಲ್ಲಾ."

"ಅತ್ತಿ ಹಂಗ ಸೊಸಿ! ಹೋತು ಬೇಟಾ ನಿನ್ನ ಆಟ. ಇಬ್ಬರೂ ಒಂದಾಗಿ ನಿನ್ನ ಹೊರಗ ಹಾಕತಾರ."

ಆಮೇಲೆ ಅವ್ವ ಹೂವು ಆರಿಸತೊಡಗಿದಳು. ಅನ್ನಕ್ಕೆ ಒಂದು ಹಿಡಿ ಅಕ್ಕಿ ಹೆಚ್ಚು ಹಾಕಬೇಕಾದರೂ ಆಯಿಯ ಮುಖ ನೋಡುವ ಹೆಂಗಸು ಅವಳು. ಅಲ್ಲಿ, ಆ ಒದ್ದೆ ಗೋಣಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಯಾರ ಮುಖವನ್ನೂ ನೋಡಲಿಲ್ಲ.

"ದುಂಡಮಲ್ಲಿಗಿ ಬ್ಯಾಡ್ರಿ. ಮುಂಜಾನಿಂದ ಉಪಾಸ ಇರತಾಳ, ಆ ವಾಸನಿಗೆ ತಲಿ ಸುತ್ತತೈತಿ. ಕಾಕಡಾ ಹಾಕ್ರಿ. ನಡುನಡುವ ಕನಕಾಂಬರಿ. ಅಲ್ಲರಿ, ಅಷ್ಟ ಅಲ್ಲ, ಕೆಂಪು ಹೆಚ್ಚಾದ್ರ ಮಾರಿ ಕಪ್ಪ ಕಾಣತೈತಿ." ಒಂದು ಗುಲಾಬಿ ಎತ್ತಿ, ಹಿಂದೆ ತಿರುಗಿಸಿ, ತೊಟ್ಟು ನೋಡಿ, ಕೆಳಗಿಟ್ಟಳು. ಇನ್ನೊಂದು ಎತ್ತಿದಳು. "ಇವು ಇರಲಿ. ಬಗಲಿಗೆ ಹಾಕ್ರಿ, ಕಣ್ಣಿನ ಮ್ಯಾಲ ಇಳೀಬಾರದು. ಆಕಿ ಮುಂದ ಯಾರ ಕುಂತಾರ ಅಂತ ನೋಡಬೇಕಲ್ಲ. ನನಗ ನನ್ನ ಮದಿವ್ಯಾಗ ಏನೂ ಕಾಣಲಿಲ್ಲ. ಬರೇ ಹೂ."

ಚಾಚಾ ಅಳತೆಗೆಂದು ಅಂದಿನ ಕಾಕಡಾ ಮಾಲೆಯಿಂದ ಒಂದು ತುಂಡು ಹರಿದು ಕೊಟ್ಟ. ಅವ್ವ ಕೈ ಚಾಚುವ ಮೊದಲೇ ಆಯಿ ಅದನ್ನು ತೆಗೆದುಕೊಂಡಳು. ಸೊಸೆಯ ಹಿಂದೆ ನಿಂತು, ತಲೆಯ ಮೇಲಿನ ಸೆರಗು ಸರಿಸಿ, ಹಣೆಯಿಂದ ಸುತ್ತಿ ಹಿಂದೆ ಗಂಟು ಹಾಕಿದಳು. ಆಯಿಯ ಕೈ ನಡುಗುತ್ತದೆ. ಸೂಜಿಗೆ ದಾರ ಪೋಣಿಸಲು ಅವಳಿಗೆ ನಾನು ಬೇಕು. ಆ ಗಂಟಿಗೆ ಬೇಕಾಗಲಿಲ್ಲ. ಪಕ್ಕದಲ್ಲಿ ಯಾರದೋ ಸ್ಕೂಟಿ ನಿಂತಿತ್ತು. ಅದರ ಕನ್ನಡಿಯಲ್ಲಿ ಅವ್ವ ಒಂದು ಸಲ ನೋಡಿಕೊಂಡಳು, ಕಳ್ಳತನ ಮಾಡುವವರ ಹಾಗೆ.

"ಬರೋಬ್ಬರಿ ಐತಿ," ಎಂದ ಚಾಚಾ. "ನಿಮ್ಮ ಸೊಸಿಗೂ ಇಷ್ಟ ಚಂದ ಕಂಡ್ರ ಆತು."

"ಕಾಣತೈತಿ," ಎಂದಳು ಆಯಿ. "ನನ್ನ ಸೊಸಿ ಚಂದನ ಅದಾಳ."

ಬೆಟಗೇರಿಗೆ ಮರಳುವಾಗ ಆಟೋದಲ್ಲಿ ನಾನು ಗೆದ್ದ ಕೋಳಿಯಂತೆ ಕೂತಿದ್ದೆ. ಚಾಚಾನ ಧ್ವನಿ ತೆಗೆದು "ಹೋತು ಬೇಟಾ ನಿನ್ನ ಆಟ" ಎಂದು ನಾಲ್ಕಾರು ಬಾರಿ ಹೇಳಿದೆ. ಆಟೋದವನು ನಕ್ಕ. ಅವ್ವ ಹೊರಗೆ ನೋಡುತ್ತಿದ್ದಳು.

"ಹೆಂಗ? ನಿನಗ ಬೇಕಾದ ಹೂವ ಆರಿಸಿದಿ ಇಲ್ಲ?" ಎಂದೆ.

"ನನಗ ಆರಿಸಿಲ್ಲ. ನಿನ್ನ ಹೇಂತಿಗೆ ಆರಿಸೇನಿ."

"ಯಾವ ಹೇಂತಿ? ಚಾಚಾಗ ಸುಳ್ಳ ಹೇಳೀನಿ ನಾ."

"ಗೊತ್ತೈತಿ. ಖರೇನ ಬರತಾಳಲ್ಲ ಒಬ್ಬಾಕಿ ಎಂದಾರ ಒಂದಿನ." ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ನೂಲು ಸುತ್ತುವ ಹಾಗೆ. "ಆವತ್ತ ನಾ ಯಾರು? ತಂದಿ-ತಾಯಿ ಕುಂದರೂ ಮಣಿ ಮ್ಯಾಲ ನಿಮ್ಮ ಕಾಕಾ ಕಾಕು ಕುಂದರತಾರ. ನಾ ಹಿರೇವಡ್ಡಟ್ಟಿಂದ ಬಂದಾಕಿ. ಊಟ ಮಾಡಿ, ಎಲಿ ಅಡಿಕಿ ತಗೊಂಡ ಹೋಗಾಕಿ. ಆಗ ನನ್ನ ಯಾರ ಕೇಳತಾರ ಯಾವ ಹೂ ಅಂತ? ಇವತ್ತ ಆ ಚಾಚಾ ಕೇಳಿದ. ಅದಕ್ಕ ಹೇಳಿದೆ."

ಆಯಿ ನಡುವೆ ಕೂತಿದ್ದಳು. ನಾನು ಏನಾದರೊಂದು ನಗೆಮಾತು ಆಡಲೆಂದು ಆಟೋದವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಅವನನ್ನು ಮನೆಯ ತನಕ ಕಾಯಿಸಿದೆ.

ಉಡಿಕಿಯ ದಿನ ಮುಂಜಾನೆ ಚಾಚಾನಲ್ಲಿಂದ ದಂಡಿಯನ್ನೂ ಎರಡು ಹಾರಗಳನ್ನೂ ತಂದೆ. ಬಾಳೆಯೆಲೆಯಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿದ್ದ. ಹಿರೇವಡ್ಡಟ್ಟಿಗೆ ಹೋಗಲು ಅವ್ವ, ಆಯಿಯ ಜೊತೆ ಹತ್ತಿದ ಮುಂಡರಗಿ ಕಡೆಯ ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಪ್ಯಾಂಟು ತೊಯ್ದುಹೋಯಿತು. ಹಿಂದಿನ ಸೀಟಿನ ಮುದುಕ "ತಮ್ಮಾ, ಡ್ರೈವರಗ ಹೇಳಿದ್ರ ಗಾಡಿ ನಿಂದ್ರಸತಿದ್ದ" ಎಂದ. ಬೇರೆ ದಿನವಾದರೆ ಆ ಮುದುಕನಿಗೆ ಇಳಿಯುವ ಊರು ಮರೆಯುವಂತೆ ಮಾಡುತ್ತಿದ್ದೆ.

ಗಿರಣಿಯವನ ಮನೆಯಲ್ಲಿ ಯಜಮಾನಿಕೆ ಅವನ ಅಕ್ಕನದು. ಸೊರಟೂರಿನಿಂದ ಬಂದಿದ್ದಳು, ಕೊರಳ ತುಂಬ ಬಂಗಾರ, ಬಾಯಿ ತುಂಬ ಎಲೆ. ಒಳಗಿನ ಕೋಣೆಯಲ್ಲಿ ಹೆಂಗಸರು ಅವ್ವನಿಗೆ ಸೀರೆ ಉಡಿಸುತ್ತಿದ್ದರು. ನಾನು ನಡುಮನೆಯಲ್ಲಿ ಒಬ್ಬನೇ ಗೋಡೆಗೊರಗಿ ಕೂತಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಆಯಿ ಗಂಟು ಬಿಚ್ಚಿದ್ದೇ ತಡ, ಆ ಅಕ್ಕನ ಧ್ವನಿ ಏರಿತು.

"ಇದೇನ್ರಿ? ದಂಡೀನ? ಉಡಿಕಿಗೆ ಯಾರ ದಂಡಿ ಕಟ್ಟತಾರ್ರಿ? ಮೊದಲನೇ ಸಲದಾಕಿ ಏನ ಈಕಿ?"

"ನಾ ಕಟ್ಟತೀನಿ," ಎಂದಳು ಆಯಿ. "ನನ್ನ ಮಗನ ಹೇಂತಿ. ಸತ್ತಾಂವನ ತಾಯಿಗೆ ಇಲ್ಲದ ಸಂಕಟ ನಿಮಗ ಯಾಕ್ರಿ?"

"ಕಟ್ಟೂದಿತ್ತಂದ್ರ ನಿಮ್ಮ ಮನ್ಯಾಗ ಕಟ್ಟಬೇಕಿತ್ತು. ಇದು ನಮ್ಮ ಮನಿ. ನಾಳೆ ಊರ ಮಂದಿ ನನ್ನ ತಮ್ಮನ ಮಾರಿ ನೋಡಿ ನಗತಾರ. ತಗದ ಕಡೀಗಿ ಇಡ್ರಿ."

ಅವ್ವ ಮೆಲ್ಲಗೆ ಹೇಳಿದಳು: "ಬಿಡ್ರಿ ಅತ್ತಿ. ಹೂ ತಂದೀರೆಲ್ಲ, ಅಷ್ಟ ಆತು." ತಾನೇ ಕೈಯಾರೆ ಬಟ್ಟೆ ಮುಚ್ಚಿ, ಗಂಟನ್ನು ಮಂಚದ ಕೆಳಗೆ ಸರಿಸಿದಳು. ಆ ಸದ್ದು ನನಗೆ ಕೇಳಿಸಿತು.

ಗಿರಣಿ ಮನೆಗೆ ಹತ್ತಿಕೊಂಡೇ ಇತ್ತು. ಉಡಿಕಿಯ ದಿನವೂ ಯಾರೋ ಜೋಳ ತಂದಿದ್ದರು, ಅವನು ಇಲ್ಲವೆನ್ನದೆ ಬೀಸಲು ಹೋಗಿದ್ದ. ಆಗಷ್ಟೇ ಬೆಲ್ಟಿನ ಸದ್ದು ನಿಂತಿತ್ತು. ನಾನು ಎದ್ದು ಗಿರಣಿಯ ಕಡೆಯ ಗೋಡೆಗೆ ಹೋದೆ. ಬಾಯಿಗೆ ಎರಡೂ ಕೈ ಅಡ್ಡ ಹಿಡಿದೆ.

"ಅಕ್ಕಾ! ದಂಡೀ ಕಟ್ಟ್ರೀ! ನಾನ ಹೇಳಿ ತರಿಸೀನೀ! ಜಲ್ದಿ ಆಗ್ಲೀ!"

ಒಳಗೆ ಬಳೆಯ ಸದ್ದೂ ನಿಂತಿತು. ಬಾಗಿಲ ಸಂದಿಯಿಂದ ಅವ್ವ ನನ್ನನ್ನು ನೋಡಿದಳು. ಊರಿಗೆಲ್ಲ ಮೋಸ ಮಾಡಬಹುದು, ಹೆತ್ತವಳಿಗೆ ಆಗುವುದಿಲ್ಲ. ನಗಲಿಲ್ಲ, ಕಣ್ಣು ಬಿಡಲಿಲ್ಲ. ಒಂದು ಗಳಿಗೆ ನೋಡಿ, ಆಯಿಯ ಮುಂದೆ ತಲೆ ಬಾಗಿಸಿದಳು.

"ಮುದುಕ ಆಗೂ ಮುಂದ ಹುಚ್ಚ ಹಿಡದೈತಿ ಇವಗ," ಎಂದಳು ಅಕ್ಕ. "ಕಟ್ಟ್ರಿ, ಕಟ್ಟ್ರಿ. ಇಲ್ಲಂದ್ರ ಊರಿಗೆ ಕೇಳೂ ಹಂಗ ಮತ್ತ ಒದರತಾನ."

ಅವನು ಕೈಕಾಲು ತೊಳೆದುಕೊಂಡು ಒಳಗೆ ಬರುವಾಗ ಅವ್ವ ಮಣೆಯ ಮೇಲೆ ಕೂತಿದ್ದಳು. ಕಾಕಡಾ, ನಡುನಡುವೆ ಕನಕಾಂಬರ, ಬದಿಗೆ ಗುಲಾಬಿ. ಕಣ್ಣ ಮೇಲೆ ಒಂದು ಎಸಳೂ ಇಳಿದಿರಲಿಲ್ಲ. ಎದುರಿಗೆ ಯಾರು ಬಂದರೆಂದು ಅವಳಿಗೆ ಚೆನ್ನಾಗಿ ಕಾಣುತ್ತಿತ್ತು.

"ನೋಡಪಾ," ಎಂದಳು ಅಕ್ಕ. "ದಂಡಿ ಬೇಕು ಅಂತ ಅಷ್ಟ ಒದರಿದೆಲ್ಲ, ಕಣ್ತುಂಬ ನೋಡು."

ಅವನು ಅಕ್ಕನನ್ನು ನೋಡಿದ. ಅವ್ವನನ್ನು ನೋಡಿದ. ಆಮೇಲೆ ನಿಧಾನವಾಗಿ ಗೋಡೆಯ ಪಕ್ಕ ನಿಂತಿದ್ದ ನನ್ನನ್ನು. ಬೈಯಲಿ ಎಂದು ಒಳಗೊಳಗೇ ಬಯಸಿದೆ. ಎಲ್ಲರ ಮುಂದೆ ಒಂದು ಸಲ, ಆ ಗಿರಣಿ ಗಂಟಲಲ್ಲಿ, ಲೇ ಭಾಡ್ಯಾ ಎಂದುಬಿಟ್ಟಿದ್ದರೆ ಜನ್ಮವಿಡೀ ಅವನನ್ನು ದ್ವೇಷಿಸಲು ನನಗೊಂದು ಆಸರೆ ಸಿಗುತ್ತಿತ್ತು.

"ಹೌದು," ಎಂದ. "ನಾನ ಅಂದೆ."

ಮೆಲ್ಲಗೆ ಅಂದ. ಅಷ್ಟು ಮೆಲ್ಲಗೆ ಆ ಮನುಷ್ಯನಿಗೆ ಮಾತು ಬರುತ್ತದೆಂದು ಅವನ ಅಕ್ಕನಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ; ಜಗಿಯುತ್ತಿದ್ದ ಎಲೆಯನ್ನು ನಿಲ್ಲಿಸಿದಳು. ಆ ಧ್ವನಿಯನ್ನು ತೆಗೆಯಲು ನಾನು ಆಮೇಲೆ ಪ್ರಯತ್ನಿಸಿದ್ದೇನೆ. ಬರುವುದಿಲ್ಲ. ಒದರುವುದನ್ನು ಯಾರು ಬೇಕಾದರೂ ಕದಿಯಬಹುದು.

ತಾಳಿ ಕಟ್ಟಿದ. ಹಾರ ಬದಲಾಯಿಸಿದರು. ಅವ್ವ ಬಹಳ ಚಂದ ಕಂಡಳು, ಯಾರದೋ ಮನೆಯ ಮದುಮಗಳು ಕಂಡ ಹಾಗೆ. ನಾನು ಬೇಕೆಂದು ಹಟ ಮಾಡಿದ್ದು ಅದನ್ನೇ. ಕೈಗೆ ಸಿಕ್ಕ ಮೇಲೆ ನೋಡಿದರೆ, ಅದರಲ್ಲಿ ನನ್ನನ್ನು ಹೆತ್ತ ಹೆಂಗಸು ಎಲ್ಲಿಯೂ ಕಾಣಲಿಲ್ಲ. ಊಟದಲ್ಲಿ ಯಾರೋ "ತಮ್ಮಾ, ಮಿಮಿಕ್ರಿ ಮಾಡತೀಯಂತಲ್ಲ, ಒಂದೆರಡು ಮಾಡು" ಎಂದರು. ಮಾಡಿದೆ. ಮಂತ್ರಿಯ ಭಾಷಣ, ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟು, ಕೋಳಿ ಮತ್ತು ಅದನ್ನು ಅಟ್ಟಿಸಿಕೊಂಡು ಬರುವ ಹೆಂಗಸು. ಎಲ್ಲರೂ ನಕ್ಕರು. ಅವ್ವನೂ ನಕ್ಕಳು, ದಂಡಿ ಅಲುಗಿತು.

ಬೇರೆ ಮದುವೆಗಳಲ್ಲಿ ಮಗಳನ್ನು ಕಳಿಸಿ ತಾಯಿ ಹಿಂದೆ ಉಳಿಯುತ್ತಾಳೆ. ನಮ್ಮಲ್ಲಿ ತಾಯಿಯನ್ನು ಅಲ್ಲಿಯೇ ಬಿಟ್ಟು ಮಗ ಎದ್ದು ಬರಬೇಕಾಯಿತು. ಅವ್ವ ಹೊಸ್ತಿಲ ತನಕ ಬಂದಳು. ಅಂದು ದಾಟಬಾರದಂತೆ. ನನ್ನ ಅಂಗಿಯ ಕೊರಳಪಟ್ಟಿ ಸರಿ ಮಾಡಿದಳು. "ಆಯಿಗೆ ರೊಟ್ಟಿ ಮೆತ್ತಗ ಇರಲಿ, ಹಲ್ಲಿಲ್ಲ ಆಕಿಗೆ," ಎಂದಳು. ಬೇರೆ ಏನಾದರೂ ಹೇಳುತ್ತಾಳೆಂದು ನಿಂತೆ. ಒಳಗಿನಿಂದ ಯಾರೋ ಕರೆದರು. ಹೋದಳು.

ಬಸ್ ನಿಲ್ದಾಣದ ಕಲ್ಲಿನ ಮೇಲೆ ಆಯಿ, ನಾನು ಇಬ್ಬರೇ. ಬಿಸಿಲು ಇಳಿದಿತ್ತು. ಆಯಿ ಬಹಳ ಹೊತ್ತು ತನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು. ಉಗುರಿನ ಸಂದಿಯಲ್ಲಿ ಹೂವಿನ ಹಸಿರು ಅಂಟಿತ್ತು.

"ಲೇ," ಎಂದಳು.

"ಏನು?"

"ಆಕೀ ಧ್ವನಿ ಬರತೈತೇನ ನಿನಗ?"

"ಯಾರದು?"

"ಯಾರದು ಅಂತ ಕೇಳತಿ."

ಅವ್ವನ ಧ್ವನಿಯನ್ನು ನಾನು ಯಾವತ್ತೂ ತೆಗೆದಿರಲಿಲ್ಲ. ಒಬ್ಬರ ಧ್ವನಿ ಹಿಡಿಯಬೇಕಾದರೆ ಅವರಿಂದ ಸ್ವಲ್ಪ ದೂರ ನಿಲ್ಲಬೇಕು. ಅವ್ವನಿಂದ ದೂರ ನಿಂತು ನೋಡುವ ಪ್ರಸಂಗವೇ ನನಗೆ ಬಂದಿರಲಿಲ್ಲ.

ಬಾಯಿ ತೆರೆದೆ. ಬಾರದಿರಲಿ ಎಂದುಕೊಂಡೆ.

"ಅತ್ತೀ, ಚಾ ಇಡ್ಲೇನ್ರಿ?"

ಬಂತು. ಕೊನೆಗೆ ಎಳೆಯುವ ಆ ಸಣ್ಣ ದಣಿವಿನ ಸಮೇತ ಬಂತು.

ಆಯಿ ನನ್ನ ಕಡೆ ತಿರುಗಲಿಲ್ಲ. ರಸ್ತೆಯನ್ನೇ ನೋಡುತ್ತಿದ್ದಳು. "ಬ್ಯಾಡ ಬಿಡವಾ," ಎಂದಳು. "ಮುಂಜಾನಿಂದ ನಿಂತ ನಿಂತ ಸಾಕಾಗೈತಿ ನಿನಗ. ಹೋಗು, ಒಂದೀಟ ಅಡ್ಡಾಗು."

ಬಸ್ಸು ಬಂತು. ಕಂಡಕ್ಟರ್ "ಗದಗ, ಗದಗ" ಎಂದು ಕೂಗಿದ. ನಾನು ಕೈ ಹಿಡಿದು ಎಬ್ಬಿಸಲು ನೋಡಿದೆ. ಆಯಿ ಏಳಲಿಲ್ಲ, ಈಗ ನನ್ನ ಕಡೆ ತಿರುಗಿ, ನನ್ನ ಬಾಯಿಯನ್ನೇ ನೋಡುತ್ತಿದ್ದಳು.